ಮೊದಲು ಮನೆ ಲೈನ್ ನೋಡಿ, ಆಮೇಲೆ ವೆಲ್ಡಿಂಗ್ ಮಷೀನ್ ತಗೊಳ್ಳಿ



ಮನೆಗೊಂದು ಚಿಕ್ಕ ವೆಲ್ಡಿಂಗ್ ಮಷೀನ್ ಇರಲಿ ಅಂತ ನಮ್ಮ ಸುತ್ತಮುತ್ತ ತುಂಬಾ ಜನ ಯೋಚನೆ ಮಾಡ್ತಿದ್ದಾರೆ. 200 ಆಂಪ್ಸ್ ತಗೊಳ್ಳೋದಾ, 250 ತಗೊಳ್ಳೋದಾ ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ನನ್ನ ಪ್ರಕಾರ ಅದು ಕೊನೇ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಮಷೀನ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಮನೆ ಲೈನ್ ಎಷ್ಟು ತಡೀತದೆ ಅನ್ನೋದೇ ಮುಖ್ಯ.

ಮಷೀನ್ ಬೇಕಾ ಅಂದ್ರೆ, ಬೇಕು. ಮಳೆ ಬಿದ್ದು ಹದ ಬಂದ ದಿನವೇ ಕಲ್ಟಿವೇಟರ್ ಪಟ್ಟಿ ಬಿಡ್ತದೆ. ಅವತ್ತು ಗೌರಿಬಿದನೂರಿನ ಅಂಗಡಿ ಮುಂದೆ ಸಾಲು ಇರ್ತದೆ, ಹದ ಮಾತ್ರ ನಮಗೋಸ್ಕರ ಕಾಯೋದಿಲ್ಲ. ಅಲೀಪುರದಲ್ಲಿ ಮನೆಯಲ್ಲೇ ಮಷೀನ್ ಇಟ್ಕೊಂಡು ಹರಳು ಉಜ್ಜಿ ಬದುಕು ಕಟ್ಟಿಕೊಂಡವರನ್ನ ನೋಡಿಕೊಂಡೇ ಬೆಳೆದಿದ್ದೀವಿ. ಕೊಟ್ಟಿಗೆ ಗೇಟು, ರೇಷ್ಮೆ ಹುಳದ ಸ್ಟ್ಯಾಂಡು ನಾವೇ ಮಾಡ್ಕೊಳ್ಳೋದು ದೊಡ್ಡ ವಿಷಯ ಏನಲ್ಲ.

ಈಗ ಲೆಕ್ಕಕ್ಕೆ ಬನ್ನಿ. 2.5 ಎಂಎಂ ರಾಡನ್ನ 80 ಆಂಪ್ಸ್‌ನಲ್ಲಿ ಸುಟ್ಟರೆ ಮಷೀನ್ ಮನೆ ಲೈನಿಂದ ಸುಮಾರು 15 ಆಂಪ್ಸ್ ಎಳೀತದೆ. 3.15 ಎಂಎಂ ರಾಡನ್ನ 110ರಲ್ಲಿ ಸುಟ್ಟರೆ 20 ದಾಟ್ತದೆ. ಅದೂ ವೋಲ್ಟೇಜ್ 230 ಇದ್ದಾಗ. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಎಳೀತದೆ. ಟಿವಿ ಹಾಕೋ 6 ಆಂಪ್ಸ್ ಸಾಕೆಟ್‌ಗೆ ಸಿಕ್ಕಿಸಿದರೆ ಪ್ಲಗ್ ಕರಗ್ತದೆ, ಗೋಡೆಯೊಳಗಿನ ವೈರ್ ಸುಡ್ತದೆ. ಮೀಟರ್ ಬೋರ್ಡಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಬೇರೆ ಎಂಸಿಬಿ, ದಪ್ಪ ಪಿನ್ನಿನ ಸಾಕೆಟ್, ಸರಿಯಾದ ಅರ್ತಿಂಗ್, ಇಷ್ಟನ್ನ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ನಿಮ್ಮ ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಾನೂ ನೋಡ್ಕೊಳ್ಳಿ, ಕಮ್ಮಿ ಇದ್ದರೆ ಹೆಚ್ಚಿಸಿಕೊಳ್ಳಿ. ಬಿಡದೆ ಒಂದು ಗಂಟೆ ಸುಟ್ಟರೂ ಖರ್ಚಾಗೋದು ಎರಡು ಮೂರು ಯೂನಿಟ್. ಬಿಲ್ಲಿನ ಭಯ ಬೇಡ, ವೈರಿನ ಭಯ ಇರಲಿ.

ಪಂಪ್‌ಸೆಟ್ ಲೈನಿಗೆ ಕೊಕ್ಕೆ ಹಾಕೋ ಯೋಚನೆ ಮಾತ್ರ ಬಿಡಿ. 10 ಎಚ್‌ಪಿವರೆಗೆ ಸರ್ಕಾರ ಉಚಿತ ಕೊಡೋದು ನೀರೆತ್ತೋಕೆ. ಅದೂ ಅಲ್ಲದೆ ತ್ರೀ ಫೇಸ್ ಬರೋದು ಪಾಳಿಯಲ್ಲಿ, ಎಷ್ಟೋ ಸಲ ನಡುರಾತ್ರಿ. ಕತ್ತಲಲ್ಲಿ, ಒದ್ದೆ ನೆಲದ ಮೇಲೆ ವೆಲ್ಡಿಂಗ್ ಮಾಡೋದು ಧೈರ್ಯ ಅಲ್ಲ.

ಹಾಗಾದ್ರೆ ಯಾವುದು ತಗೊಳ್ಳೋದು? ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ಮಷೀನ್. ಸುಮಾರು ₹5,000ದಿಂದ ₹8,000ದೊಳಗೆ ಸಿಗ್ತದೆ, ಒಂದೇ ಕೈಲಿ ಎತ್ತಿಕೊಂಡು ಹೋಗಬಹುದು. ಹಳೇ ಟ್ರಾನ್ಸ್‌ಫಾರ್ಮರ್ ಮಷೀನ್ ಗಟ್ಟಿ, ನಿಜ. ವೈಂಡಿಂಗ್ ಹೋದರೆ ಮೋಟಾರ್ ಕಟ್ಟೋರೇ ರಿಪೇರಿ ಮಾಡ್ತಾರೆ. ಆದರೆ ಅದರ ಭಾರ, ಅದು ಎಳೆಯೋ ಕರೆಂಟು ಮನೆಗೆ ಸರಿಹೋಗಲ್ಲ. ತೆಳು ಚೌಕ ಪೈಪಿಗೆ ಮಿಗ್ ಮಷೀನ್ ಸುಲಭ, ಒಪ್ಪಿಕೊಳ್ತೀನಿ. ಆದರೆ ಗ್ಯಾಸ್ ಮಿಗ್ಗಿಗೆ ಸಿಲಿಂಡರ್ ಬೇಕು, ಬಯಲಲ್ಲಿ ಗಾಳಿ ಗ್ಯಾಸನ್ನೇ ಹಾರಿಸ್ತದೆ, ವರ್ಷಕ್ಕೆ ನಾಲ್ಕು ಸಲ ಬಳಸೋರ ಮನೇಲಿ ವೈರ್ ಸುರುಳಿ ತುಕ್ಕು ಹಿಡೀತದೆ.

ಡಬ್ಬದ ಮೇಲೆ ಬರೆದ 200 ಆಂಪ್ಸನ್ನ ನಂಬಬೇಡಿ. ಡ್ಯೂಟಿ ಸೈಕಲ್ ಎಷ್ಟು ಅಂತ ಕೇಳಿ. 60 ಪರ್ಸೆಂಟ್ ಅಂದ್ರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಸುಡಬಹುದು, ಉಳಿದ ನಾಲ್ಕು ನಿಮಿಷ ಅದು ತಣ್ಣಗಾಗಬೇಕು. ಎಷ್ಟು ಆಂಪ್ಸ್‌ಗೆ ಆ ಲೆಕ್ಕ ಅಂತಾನೂ ಕೇಳಿ. ಬೆಂಗಳೂರಿನ ಎಸ್‌ಜೆಪಿ ರೋಡಾಗಲಿ, ಗೌರಿಬಿದನೂರಾಗಲಿ, ಅಂಗಡಿಯಲ್ಲೇ ಎರಡು ರಾಡ್ ಸುಟ್ಟು ನೋಡಿ. ಬೋರ್ಡ್ ಹೋದರೆ ರಿಪೇರಿ ಎಲ್ಲಿ ಅಂತ ಮೊದಲೇ ಬರೆಸಿಕೊಳ್ಳಿ. ಗ್ರೈಂಡರ್ ಪಕ್ಕ ಮಷೀನ್ ಇಡಬೇಡಿ. ಫ್ಯಾನ್ ಕಬ್ಬಿಣದ ಪುಡಿಯನ್ನ ಒಳಗೆಳೆದುಕೊಂಡರೆ ಬೋರ್ಡ್ ಕತೆ ಮುಗೀತು.

ಮಷೀನಲ್ಲಿ ಸಾವಿರ ಉಳಿಸಿದರೂ ಹೆಲ್ಮೆಟ್‌ನಲ್ಲಿ ಉಳಿಸಬೇಡಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡಿಂಗ್ ಮಾಡಿದರೆ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರೀತದೆ. 10 ಅಥವಾ 11 ನಂಬರ್ ಗ್ಲಾಸಿನ ಹೆಲ್ಮೆಟ್, ಚರ್ಮದ ಗ್ಲೌಸ್, ಕಾಟನ್ ಬಟ್ಟೆ ಬೇಕೇ ಬೇಕು. ಮಕ್ಕಳು ನೋಡ್ತಾ ನಿಲ್ಲದ ಹಾಗೆ ನೋಡ್ಕೊಳ್ಳಿ.

ಬೋರಿಂದ ಎತ್ತಿದ ಹಳೇ ಜಿಐ ಪೈಪ್ ನಮ್ಮೆಲ್ಲರ ಮನೇಲೂ ಬಿದ್ದಿರ್ತವೆ. ಶೆಡ್ಡಿಗೆ ಚೆನ್ನಾಗೇ ಆಗ್ತವೆ. ಆದರೆ ಅದರ ಮೇಲಿನ ಸತು ಸುಟ್ಟು ಬರೋ ಬಿಳೀ ಹೊಗೆ ಕುಡಿದರೆ ಅವತ್ತೇ ರಾತ್ರಿ ಚಳಿಜ್ವರ ಬರಬಹುದು. ಬೆಸುಗೆ ಜಾಗದಲ್ಲಿ ಸತು ಉಜ್ಜಿ ತೆಗೀರಿ, ಬಯಲಲ್ಲಿ ಮಾಡಿ, ಹೊಗೆ ಮುಖಕ್ಕೆ ಬಾರದ ಹಾಗೆ ನಿಂತ್ಕೊಳ್ಳಿ. ಡೀಸೆಲ್ ಅಥವಾ ಔಷಧಿ ಇದ್ದ ಡ್ರಮ್ ಮಾತ್ರ ಖಾಲಿ ಇದ್ದರೂ ಮುಟ್ಟಬೇಡಿ, ಸಿಡೀತದೆ.

ಟ್ರಾಕ್ಟರ್‌ಗೆ ತಗುಲಿಸಿದ ಸಾಮಾನಿಗೆ ಬೆಸುಗೆ ಹಾಕೋವಾಗ ಬ್ಯಾಟರಿ ವೈರ್ ಬಿಚ್ಚಿ, ಅರ್ತ್ ಕ್ಲಾಂಪನ್ನ ಬೆಸುಗೆ ಪಕ್ಕದಲ್ಲೇ ಹಾಕಿ. ಟ್ರೇಲರ್ ಕೊಂಡಿ, ಸ್ಟೇರಿಂಗ್ ಭಾಗ, ಲಿಫ್ಟ್ ಆರ್ಮ್ ಇವು ಮಾತ್ರ ಅನುಭವಸ್ಥರ ಕೈಗೇ ಹೋಗಲಿ. ಗೇಟು ಬಿಟ್ಟರೆ ಮತ್ತೆ ಹಾಕಬಹುದು, ರಸ್ತೇಲಿ ಕೊಂಡಿ ಬಿಟ್ಟರೆ ಹಿಂದೆ ಬರೋನ ಜೀವ ಹೋಗ್ತದೆ.

ಆದ್ದರಿಂದ ನಿಮ್ಮ ಹತ್ರ ₹10,000 ಇದ್ದರೆ ಪೂರ್ತಿ ಮಷೀನಿಗೇ ಹಾಕಬೇಡಿ. ₹6,000 ಮಷೀನಿಗೆ, ಉಳಿದದ್ದು ವೈರಿಂಗ್, ಹೆಲ್ಮೆಟ್, ಗ್ಲೌಸಿಗೆ. ಮೊದಲ ಒಂದು ಕಟ್ಟು 6013 ರಾಡ್ ಹಳೇ ಕಬ್ಬಿಣದ ಮೇಲೆ ಕಲಿಯೋಕೇ ಮುಗೀಲಿ. ನಿಮ್ಮೂರಲ್ಲಿ ಮಧ್ಯಾಹ್ನ ವೋಲ್ಟೇಜ್ ಎಷ್ಟು ಬರ್ತದೆ ಅಂತ ಅಳೆದು ತಿಳಿಸಿ. ಯಾವ ಊರಿಗೆ ಯಾವ ಮಷೀನ್ ಅಂತ ಕೂತು ಮಾತಾಡೋಣ.