ಗಂಟೆ ಯಾರ ವಿಜಯದ ಕುರುಹು?

ಯೆರವಡಾದಿಂದ ಭೀಮಾಶಂಕರ ಯಾತ್ರೆಗೆ ಹೋಗಿಬಂದ ಕನ್ನಡ ಬಂಧುಗಳ ನಡುವೆ ಈಚೆಗೆ ಒಂದು ಮಾತು ಕೇಳಿಬಂತು: “ಅಲ್ಲಿರುವ ಇಗರ್ಜಿಯ ಗಂಟೆ ನಮ್ಮ ವಿಜಯದ ಕುರುಹು.” ಈ ಹೆಮ್ಮೆಯನ್ನು ಪ್ರಶ್ನಿಸದೆ ಬಿಡುವಂತಿಲ್ಲ.

ಮಹಾದೇವ ಕೋಳಿ ಬುಡಕಟ್ಟಿನವರು ತಲೆಮಾರುಗಳಿಂದ ಬಾಳಿಬಂದ ಆ ಸಹ್ಯಾದ್ರಿಯ ದೇಗುಲದೆದುರು ಇಗರ್ಜಿಯ ಗಂಟೆ ಇರುವುದು ನಿಜ. 1739ರಲ್ಲಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಯಿಯನ್ನು ಗೆದ್ದಾಗ ತಂದ ಗಂಟೆಗಳಲ್ಲಿ ಇದೂ ಒಂದೆಂಬುದು ಪರಂಪರೆಯ ಮಾತು. ವಾಯಿಯ ಬಳಿಯ ಮೆಣವಲಿಯಲ್ಲಿ, ಕೃಷ್ಣೆಯ ಘಟ್ಟದ ಮೇಲೂ ಅಂಥದೊಂದಿದೆ. ಬಾಲಯೇಸುವನ್ನೆತ್ತಿಕೊಂಡ ಮೇರಿಯ ಉಬ್ಬುಚಿತ್ರವೂ 1707ರ ಇಸವಿಯೂ ಅದರ ಮೇಲಿವೆ. ಆ ತಾಯಿಯ ಮುಖವನ್ನು ಯಾರೂ ಅರೆದುಹಾಕಲಿಲ್ಲವೆಂಬುದು ಈ ನೆಲದ ಹಿರಿಮೆ. ಆದರೆ ಕಾಪಾಡಿದ್ದು ಬೇರೆ, ಕಸಿದದ್ದನ್ನು ಮೆರೆಸುವುದು ಬೇರೆ.

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮೊಹಾಕರ ಇಗರ್ಜಿಗೆ ಇಂಗ್ಲೆಂಡಿನ ರಾಣಿ ಆ್ಯನ್ 1712ರಲ್ಲಿ ಪ್ರಭುಭೋಜನ ಸಂಸ್ಕಾರದ ಬೆಳ್ಳಿಪಾತ್ರೆಗಳನ್ನಿತ್ತಳು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಅವರು ನೆಲೆ ಕಳೆದುಕೊಂಡಾಗ ಆ ಪಾತ್ರೆಗಳನ್ನು ಹೂತಿಡಲಾಯಿತು. ಮುಂದೆ ಹೊರತೆಗೆದು ಕೆನಡಾದ ಗ್ರ್ಯಾಂಡ್ ರಿವರ್, ಟೈಯೆಂಡಿನಾಗ ಎಂಬ ಎರಡು ಹೊಸ ನೆಲೆಗಳು ಹಂಚಿಕೊಂಡವು. ಕೊಟ್ಟವಳ ಹೆಸರು ಇಂದಿಗೂ ಪಾತ್ರೆಗಳ ಮೇಲಿದೆ. ಅದು ದಾನ; ನಮ್ಮ ಗಂಟೆಗಳು ಸೂರೆ. ಎರಡನ್ನೂ ಒಂದೇ ಹೆಮ್ಮೆಯಿಂದ ಹೇಳಲಾಗದು.

ಗೋವೆಯಲ್ಲಿ ಪೋರ್ಚುಗೀಸರು ದೇಗುಲಗಳನ್ನು ಕೆಡವಲಿಲ್ಲವೆ ಎಂದು ಕೇಳುವವರುಂಟು. ಕೆಡವಿದರು, ಅದು ಘೋರ ಅಪರಾಧವೇ. ಆದರೆ ಅವರ ಅಪರಾಧ ನಮ್ಮ ನ್ಯಾಯದ ಅಳತೆಗೋಲಾಗಬೇಕೆ? 1791ರಲ್ಲಿ ಮರಾಠಾ ಸೇನೆಯೊಡನಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಸೂರೆಗೊಂಡರು. ಶಾರದೆಯ ಮೂರ್ತಿ ಪೀಠದಿಂದ ಕದಲಿತು. ಅದನ್ನು ನೆನೆದು ಕುದಿಯುವ ಕನ್ನಡಿಗ, ವಸಯಿಯ ಸೂರೆಯನ್ನು ಕೇಳಿ ಹಿಗ್ಗುವುದೆಂತು? ಪೇಶ್ವೆಯ ಗೆಲುವು ನಮ್ಮದಾದುದು ಯಾವಾಗ?

ಗಂಟೆಗಳನ್ನು ಕಳಚಬೇಕೆಂದು ನಾನು ಹೇಳುತ್ತಿಲ್ಲ. ಅವು ಅಲ್ಲಿನವರ ಪೂಜೆಯೊಡನೆ ಬೆರೆತುಹೋಗಿವೆ, ಅಲ್ಲಿಯೇ ಇರಲಿ. ಅವು ಎಲ್ಲಿಂದ, ಹೇಗೆ ಬಂದವೆಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳೋಣ. ಮುಂದಿನ ಯಾತ್ರೆಯಲ್ಲಿ ವಸಯಿ ಕೋಟೆಯ ಪಾಳು ಇಗರ್ಜಿಗಳನ್ನೂ ಅವರಿಗೆ ತೋರಿಸೋಣ. ಪರನಾಡಿನಲ್ಲಿ ನಮ್ಮ ನುಡಿಗೆ, ನಮ್ಮ ದೇವರಿಗೆ ಗೌರವದ ಎಡೆ ಕೇಳುವವರು ನಾವು. ಅನ್ಯರ ದೇವರ ಗಂಟೆಯನ್ನು ಸೋಲಿನ ಗುರುತಾಗಿ ತೋರಿಸುವ ಬಾಯಿಂದ ಆ ಬೇಡಿಕೆ ಹೊರಟರೆ ಅದನ್ನು ಯಾರು ಮನ್ನಿಸಿಯಾರು?