ಟೆನಿಸ್ ಕೋರ್ಟಿಲ್ಲದ ಊರಲ್ಲಿ ರಿಂಗಿನ ಆಟ

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಸುದ್ದಿಯನ್ನು ನಾವು ತರಗತಿಯಲ್ಲಿ ಓದಿ ಹೇಳಿದೆವು. ಹಿಂದೆ ಕೂತಿದ್ದ ಹುಡುಗನೊಬ್ಬ ಎದ್ದು, "ಸಾರ್, ಆದೋನ್ಯಾಗ ಟೆನಿಸ್ ಎಲ್ಲಿ ಕಲಿಸ್ತಾರ್ರೀ?" ಎಂದ. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಟೆನಿಸ್ ಅಂದರೆ ನಮ್ಮ ಕಡೆ ಮೊದಲಿನಿಂದಲೂ ಸಾಹೇಬರ ಆಟ. ಬ್ರಿಟಿಷರ ಕಾಲದಲ್ಲಿ ಅದು ದಂಡಿನ ಜಾಗಗಳಲ್ಲಿ, ಆಫೀಸರ್ಸ್ ಕ್ಲಬ್ಬಿನ ಬೇಲಿಯೊಳಗೆ ಬೆಳೆಯಿತೇ ಹೊರತು ಹಳ್ಳಿ ಶಾಲೆಯ ಬಯಲಿಗೆ ಇಳಿಯಲಿಲ್ಲ. ಅಮೆರಿಕದಲ್ಲಿ ಅದು ಬೇಗನೆ ಕಾಲೇಜು ಸೇರಿತು. 1883ರಲ್ಲೇ ಅಂತರ ಕಾಲೇಜು ಟೆನಿಸ್ ಪಂದ್ಯ ಶುರುವಾಯಿತು, ಮುಂದೆ ಆಡುವವರಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸುವ ಪದ್ಧತಿ ಬಂತು. ಆರ್ಥರ್ ಆಶ್ ಎಂಬ ಕಪ್ಪು ಹುಡುಗನಿಗೆ ತನ್ನೂರು ರಿಚ್ಮಂಡಿನಲ್ಲಿ ಬಿಳಿಯರ ಕೋರ್ಟಿಗೆ ಪ್ರವೇಶವಿರಲಿಲ್ಲ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಊರು ಬಿಟ್ಟು ಸೇಂಟ್ ಲೂಯಿಸ್‌ಗೆ ಹೋದ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಿತು. 1965ರಲ್ಲಿ ಕಾಲೇಜು ಚಾಂಪಿಯನ್ ಆದ ಆತ 1975ರಲ್ಲಿ ವಿಂಬಲ್ಡನ್ ಗೆದ್ದ. ನಮ್ಮ ಆಂಧ್ರದ ಸಾಕೇತ್ ಮೈನೇನಿ ಕೂಡ ಅಲಬಾಮ ವಿಶ್ವವಿದ್ಯಾಲಯಕ್ಕೆ ಆಡಿ ಬಂದವರೇ. 2014ರ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಚಿನ್ನ ಗೆದ್ದರು. (ಬೋಪಣ್ಣ ಕರ್ನಾಟಕದವರು, ಸಾಕೇತ್ ಆಂಧ್ರದವರು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿಯವರಾದ ನಮಗೆ ಇಬ್ಬರೂ ಬೇಕು!)

ಹಾಗಾದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಏನೂ ಇಲ್ಲವೇ? ಇದೆ. ಹಳದಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಇದೆ, ರಬ್ಬರ್ ರಿಂಗಿನ ಟೆನಿಕಾಯ್ಟ್ ಇದೆ. ಟೆನಿಕಾಯ್ಟ್ ಹಡಗಿನ ಮೇಲೆ ಪ್ರಯಾಣಿಕರು ಆಡುತ್ತಿದ್ದ ಆಟದಿಂದ ಬಂದದ್ದು. ರ‍್ಯಾಕೆಟ್ ಬೇಡ, ಸಿಮೆಂಟ್ ಕೋರ್ಟ್ ಬೇಡ. ಸುಣ್ಣದಲ್ಲಿ ಗೆರೆ ಎಳೆದು, ನೆಟ್ ಇಲ್ಲದ ದಿನ ಹಗ್ಗ ಕಟ್ಟಿದರೂ ಆಯಿತು. ಇದನ್ನು "ಹುಡುಗಿಯರ ಆಟ" ಎಂದು ನಗುವ ಮೇಷ್ಟ್ರುಗಳನ್ನು ನಾವು ಕಂಡಿದ್ದೇವೆ. 2006ರಲ್ಲಿ ಚೆನ್ನೈನಲ್ಲಿ ಇದರದೇ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅವರಿಗೆ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಎಡಗೈ ಆಟ. ಅವಳು ಎಸೆದ ರಿಂಗು ಎಲ್ಲಿ ಬೀಳುತ್ತದೋ ನಮಗೂ ತಿಳಿಯುತ್ತಿರಲಿಲ್ಲ. ಆ ವರ್ಷ ಮಂಡಲ ಮಟ್ಟದ ಪಂದ್ಯ ನವೆಂಬರಿಗೆ ಬಿತ್ತು. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಬಂದು, "ಅವ್ವ ಸುಗ್ಗಿಗೆ ಹೊಂಟಾಳ್ರಿ ಸಾರ್, ತಮ್ಮನ್ನ ನೋಡ್ಕಳಾಕ ನಾನೂ ಹೋಗ್ಬೇಕು" ಎಂದಳು.

ಹೊರಗಿನವರಿಗೆ ಸುಗ್ಗಿ ಅಂದರೆ ಹಬ್ಬ. ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ಬಡವರಿಗೆ ಸುಗ್ಗಿ ಅಂದರೆ ಮನೆಗೆ ಬೀಗ ಹಾಕಿ ಗುಂಟೂರು ಸೀಮೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವುದು. ಮಳೆ ಕೈಕೊಟ್ಟ ವರ್ಷ ಅರ್ಧ ತರಗತಿಯೇ ಖಾಲಿ.

ಆದ್ದರಿಂದ ನಾವು ಕೇಳುವುದು ಟೆನಿಸ್ ಕೋರ್ಟನ್ನಲ್ಲ. ನಮ್ಮ ಪಶ್ಚಿಮ ಮಂಡಲಗಳಲ್ಲಿ ಆಟದ ಪಂದ್ಯಗಳನ್ನು ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಮುಗಿಸಿಬಿಡಿ. ವಲಸೆ ಹೋಗುವವರ ಮಕ್ಕಳಿಗಾಗಿ ಇರುವ ಸೀಸನಲ್ ಹಾಸ್ಟೆಲ್‌ಗಳನ್ನು ಲಾರಿ ಹೊರಡುವ ಮೊದಲು ತೆರೆಯಿರಿ, ಹೊರಟ ಮೇಲಲ್ಲ. ಇಂಟರ್‌ಮೀಡಿಯೆಟ್‌ಗೆ ಹೋದ ಮೇಲೂ ವಾರಕ್ಕೆರಡು ಪಿರಿಯಡ್ ಆಟಕ್ಕಿರಲಿ. ಹತ್ತನೇ ತರಗತಿ ಮುಗಿದರೆ ನಮ್ಮ ಹೆಣ್ಣುಮಕ್ಕಳಿಗೆ ಕನ್ನಡ ಮಾಧ್ಯಮವೂ ಮುಗಿಯುತ್ತದೆ, ಬಯಲೂ ಮುಗಿಯುತ್ತದೆ. ಖರ್ಚಿನ ಮಾತು ತೆಗೆಯುವವರು ಒಮ್ಮೆ ಅಂಗಡಿಗೆ ಹೋಗಿ ಒಂದು ರಿಂಗಿನ ಬೆಲೆ ಕೇಳಿ ಬರಲಿ.

ಆ ಹುಡುಗಿ ಮಾರ್ಚಿಯಲ್ಲಿ ಬಂದಳು, ಪರೀಕ್ಷೆ ಬರೆದಳು. ಬೆರಳ ತುದಿಯೆಲ್ಲ ಮೆಣಸಿನಕಾಯಿ ಉರಿಗೆ ಸುಲಿದಿತ್ತು. ರಿಂಗು ಕೇಳಿದಳು, ಕೊಟ್ಟೆವು.