ಮರುಭೂಮಿಯ ತೋಟ ಕಲಿಸುವ ಪಾಠ

ಮಳೆಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ವನಮಹೋತ್ಸವದ ಸಡಗರ. ಸಸಿಗಳು ಬರುತ್ತವೆ, ಗುಂಡಿ ತೋಡಿ ನೆಡುತ್ತೇವೆ. ಈ ಗಿಡ ಈ ನೆಲಕ್ಕೆ ಸಲ್ಲುವುದೇ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳದೆ ಒಂದು ಗಿಡವೂ ಬದುಕದ ನಾಡಿನಿಂದ ನಾವು ಕಲಿಯಬೇಕಾದದ್ದಿದೆ.

ರಾಜಸ್ಥಾನದ ಜೋಧಪುರದಲ್ಲಿ, ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲವಿದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ 400 ಮಿಲಿಮೀಟರಿಗೂ ಕಡಿಮೆ. ಅಮೆರಿಕ ಖಂಡದಿಂದ ಬಂದ, ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಆ ನೆಲವನ್ನು ಆಕ್ರಮಿಸಿತ್ತು. 2006ರಲ್ಲಿ ಪ್ರದೀಪ್ ಕ್ರಿಶೆನ್ ಮತ್ತು ಸಂಗಡಿಗರು ಅಲ್ಲಿ ಮರುಭೂಮಿಯ ತೋಟವೊಂದನ್ನು ರೂಪಿಸತೊಡಗಿದರು. ಅದೇ ಇಂದಿನ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ.

ಅವರು ಮೊದಲು ಮಾಡಿದ್ದು ನೆಡುವ ಕೆಲಸವಲ್ಲ, ನೋಡುವ ಕೆಲಸ. ಥಾರ್ ಸೀಮೆಯ ಕಲ್ಲುನೆಲಗಳಲ್ಲಿ ತಾನಾಗಿ ಬೆಳೆಯುವ ಗಿಡಗಳು ಯಾವುವೆಂದು ಅರಸಿದರು. ಜಾಲಿಯನ್ನು ಕಡಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಆದುದರಿಂದ ಕಲ್ಲುಗಣಿಯ ಕಸುಬಿನ ಖಂಡ್‌ವಾಲಿಯಾ ಜನರನ್ನು ಕರೆತಂದರು. ಸುತ್ತಿಗೆ ಬಡಿದು, ಬಂಡೆಯ ಸದ್ದು ಆಲಿಸಿ, ಎಲ್ಲಿ ಒಡೆಯಬೇಕೆಂದು ಅರಿಯುವ ಅವರು ಬೇರನ್ನು ಉಳಿಯಿಂದ ಕಿತ್ತು ತೆಗೆದರು. ಹಾಗೆ ತೆರವಾದ ಕುಳಿಗಳಲ್ಲೇ ಥೋರ್, ಕುಮಟ್, ಗುಗ್ಗುಳದಂತಹ ಸ್ಥಳೀಯ ಸಸ್ಯಗಳಿಗೆ ನೆಲೆ ದೊರೆಯಿತು. ಬೇಸಿಗೆಯಲ್ಲಿ ಅಲ್ಲಿನ ಹಲವು ಗಿಡಗಳು ಎಲೆಯುದುರಿಸಿ ಬರಲಾಗಿ ನಿಲ್ಲುತ್ತವೆ. ಅದು ತೋಟದ ಸೋಲಲ್ಲ, ಆ ನೆಲದ ಋತುಧರ್ಮ.

ಮಳೆ ಧಾರಾಳವಾಗಿರುವ ನಮಗೆ ಈ ಪಾಠವೇಕೆ? 1980ರ ದಶಕದಿಂದೀಚೆಗೆ ನಮ್ಮ ಬೇಣ, ಗೋಮಾಳಗಳಲ್ಲಿ ಎದ್ದುನಿಂತ ಅಕೇಶಿಯಾ ತೋಪುಗಳನ್ನು ನೋಡಿರಿ. ದೂರಕ್ಕೆ ಕಾಡಿನಂತೆ ಕಾಣುತ್ತವೆ; ಒಳಹೊಕ್ಕರೆ ದನಕ್ಕೆ ಹುಲ್ಲಿಲ್ಲ, ಹಕ್ಕಿಗೆ ಹಣ್ಣಿಲ್ಲ. ಅದು ಸೌದೆ ಕೊಟ್ಟಿತೆಂಬುದು ನಿಜ. ಬಳ್ಳಾರಿ ಜಾಲಿಯೂ ಬಡವರ ಒಲೆ ಉರಿಸಿದೆ. ಆದರೆ ಸೌದೆಯೊಂದನ್ನೇ ಲೆಕ್ಕಹಾಕಿ ಇಡೀ ಬೆಟ್ಟವನ್ನು ಒಂದೇ ಮರಕ್ಕೆ ಒಪ್ಪಿಸುವುದು ವಿವೇಕವಲ್ಲ. ಹಸಿರಾಗಿ ಕಂಡದ್ದೆಲ್ಲ ಕಾಡಲ್ಲ.

ಸಸಿಗಾಗಿ ಕೈಚಾಚುವ ಮುನ್ನ ವಿದ್ಯಾರ್ಥಿಗಳು ಊರಿನ ಹಿರಿಯರೊಡನೆ ಬೆಟ್ಟ ಹತ್ತಲಿ. ಯಾರೂ ನೀರೆರೆಯದೆ ಚಿಗುರಿದ ಗಿಡಗಳ ಹೆಸರು ಬರೆದುಕೊಳ್ಳಲಿ. ನೇರಳೆ, ಮುರುಗಲು, ಹೊನ್ನೆಗಳ ಬೀಜವನ್ನು ಅವು ಮಾಗುವ ಕಾಲಕ್ಕೆ ಆಯ್ದು ತರಲಿ. ಬಂಡೆಯ ಮೇಲೆ ತೋಟ ಮಾಡಿದವರು ಮೊದಲು ಬಂಡೆಯ ಮಾತು ಕೇಳಿದರು. ನಮ್ಮ ಬೆಟ್ಟಗಳ ಮಾತನ್ನು ನಾವು ಕೇಳುವುದು ಎಂದು?